ಮಳೆನೀರು ಹರಿದು ಹೋಗೋದಕ್ಕೂ ಬಿಲ್ ಕಟ್ಬೇಕಾ?

ಪ್ರಶ್ನೆ: ಸರ್, ಆಸ್ತಿ ತೆರಿಗೆ ಕಟ್ತೀವಿ, ನೀರಿನ ಬಿಲ್ ಕಟ್ತೀವಿ, ಒಳಚರಂಡಿಗೂ ಕಟ್ತೀವಿ. ಕೆಲವು ದೇಶಗಳಲ್ಲಿ ಮಳೆನೀರು ಚರಂಡಿಗೆ ಅಂತಾನೇ ಬೇರೆ ಶುಲ್ಕ ಇದೆಯಂತೆ. ಆಕಾಶದಿಂದ ಬೀಳೋ ನೀರಿಗೆ ನಾವ್ಯಾಕೆ ದುಡ್ಡು ಕೊಡ್ಬೇಕು, ತೆರಿಗೆ ಹಣದಲ್ಲೇ ಮಾಡೋಕಾಗಲ್ವಾ?

ಉತ್ತರ: ನಿಮ್ಮ ಹಾಗೇ ತುಂಬಾ ಜನ ಕೇಳಿದಾರೆ. ಅಮೆರಿಕದ ಮೇರಿಲ್ಯಾಂಡ್ ರಾಜ್ಯದಲ್ಲಿ 2012ರಲ್ಲಿ ದೊಡ್ಡ ಕೌಂಟಿಗಳು (ನಮ್ಮ ಜಿಲ್ಲೆಗಳ ಥರ) ಈ ಶುಲ್ಕ ಹಾಕಲೇಬೇಕು ಅಂತ ಕಾನೂನು ಬಂದಾಗ ವಿರೋಧಿಸಿದವರು ಅದನ್ನ ಮಳೆ ತೆರಿಗೆ ಅಂತಾನೇ ಕರೆದ್ರು, 2015ರಲ್ಲಿ ಆ ಕಡ್ಡಾಯ ಹೋಯ್ತು. ಆದ್ರೆ ನನ್ನ ಪ್ರಕಾರ ಸರಿಯಾಗಿ ಹಾಕಿದ್ರೆ ಇದು ಆಸ್ತಿ ತೆರಿಗೆಗಿಂತ ನ್ಯಾಯವಾದ ದಾರಿ, ಯಾಕೆ ಅಂತ ಹೇಳ್ತೀನಿ.

100 ಚದರ ಮೀಟರ್ ತಾರಸಿ ಮೇಲೆ 50 ಮಿಲಿಮೀಟರ್ ಮಳೆ ಬಿದ್ರೆ 5,000 ಲೀಟರ್ ನೀರು. ಅಲ್ಲಿ ಬರೀ ಮಣ್ಣಿದ್ದಿದ್ರೆ ಒಂದಷ್ಟು ಇಂಗ್ತಿತ್ತು, ಕಾಂಕ್ರೀಟ್ ಇರೋದ್ರಿಂದ ಹೆಚ್ಚುಕಮ್ಮಿ ಎಲ್ಲಾ ರಸ್ತೆಗೆ ಬರುತ್ತೆ, ಅಲ್ಲಿಂದ ಮೋರಿಗೆ, ಮೋರಿ ತುಂಬಿದ್ರೆ ತಗ್ಗಲ್ಲಿರೋರ ಮನೆಗೆ. ಈ ನೀರನ್ನ ಸಾಗಿಸೋ ಖರ್ಚನ್ನ ಯಾರು ಎಷ್ಟು ನೀರು ಬಿಡ್ತಾರೋ ಅದರ ಮೇಲೆ ಹಂಚೋದೇ ಈ ಶುಲ್ಕ. ಆಸ್ತಿ ತೆರಿಗೆ ಸಾಮಾನ್ಯವಾಗಿ ಜಾಗದ ಬೆಲೆ ನೋಡುತ್ತೆ, ನೀರು ನೋಡಲ್ಲ. ಹತ್ತು ಮಹಡಿ ಬಿಲ್ಡಿಂಗಿಗೂ ಒಂದೇ ತಾರಸಿ, ಅದೇ ಒಂದು ದೊಡ್ಡ ಪಾರ್ಕಿಂಗ್ ಜಾಗದಲ್ಲಿ ಕಟ್ಟಡವೇ ಇಲ್ಲದಿದ್ರೂ ಅದು ಹೊಳೆಯಷ್ಟು ನೀರು ಬಿಡುತ್ತೆ. ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ ಮೊದಲು ನೀರಿನ ಮೀಟರ್ ಸೈಜ್ ನೋಡಿ ಇದನ್ನ ವಸೂಲಿ ಮಾಡ್ತಿದ್ರು, ಅಂದ್ರೆ ನಲ್ಲಿ ಕನೆಕ್ಷನ್ನೇ ಇಲ್ಲದ ಪಾರ್ಕಿಂಗ್ ಲಾಟಿಗೆ ಬಿಲ್ಲೇ ಇಲ್ಲ! 2010ರಿಂದ ಮನೆಗಳಲ್ಲದ ಆಸ್ತಿಗಳಿಗೆ ಹಂತ ಹಂತವಾಗಿ ಜಾಗದ ಅಳತೆ, ನೀರು ಇಂಗದ ಗಟ್ಟಿ ನೆಲದ ಅಳತೆ ಹಿಡಿದು ಹಾಕೋಕೆ ಶುರು ಮಾಡಿದ್ರು. ವಾಷಿಂಗ್ಟನ್ ರಾಜ್ಯದ ಬೆಲ್‌ವ್ಯೂ ನಗರ 1974ರಲ್ಲೇ ಇಂಥ ವ್ಯವಸ್ಥೆ ಮಾಡಿಕೊಂಡಿತ್ತು.

ಇನ್ನೊಂದು, ತೆರಿಗೆ ವಿನಾಯಿತಿ ಇರೋ ಸಂಸ್ಥೆಗಳೂ ಸಾಮಾನ್ಯವಾಗಿ ಈ ಶುಲ್ಕ ಕಟ್ಬೇಕಾಗುತ್ತೆ, ಅವರ ತಾರಸಿಯಿಂದಲೂ ನೀರು ಬರುತ್ತಲ್ವಾ.

ತೆರಿಗೆ ಹಣದಲ್ಲಿ ಮಾಡೋಕಾಗಲ್ವಾ ಅಂದ್ರಿ, ಆಗುತ್ತೆ, ಆದ್ರೆ ಆಗಲ್ಲ! ಪ್ರವಾಹ ಬಂದ ವರ್ಷ ಎಲ್ರೂ ಚರಂಡಿ ಬಗ್ಗೆ ಮಾತಾಡ್ತಾರೆ, ಮಳೆ ಕಮ್ಮಿಯಾದ ವರ್ಷ ಅದೇ ಬಜೆಟ್ ಬೇರೆ ಕೆಲಸಕ್ಕೆ ಹೋಗುತ್ತೆ, ಹೂಳು ಹಾಗೇ ಉಳಿಯುತ್ತೆ. ಹೂಳೆತ್ತೋದು, ಒಡೆದ ಪೈಪ್ ಬದಲಾಯಿಸೋದು ಪ್ರತಿ ವರ್ಷದ ಕೆಲಸ, ಅದಕ್ಕೆ ಪ್ರತಿ ವರ್ಷ ಬರೋ ದುಡ್ಡೇ ಬೇಕು.

ಹಾಗಂತ ಹಾಕಿದ್ದನ್ನೆಲ್ಲಾ ಕಣ್ಮುಚ್ಚಿ ಕಟ್ಟಿ ಅಂತ ನಾನು ಹೇಳ್ತಿಲ್ಲ. ಹಣ ಬೇರೆ ಖಾತೆಯಲ್ಲಿದ್ಯಾ, ಬೇರೆ ಕೆಲಸಕ್ಕೆ ತೆಗೆಯೋ ಹಾಗಿಲ್ಲ ಅಂತ ಕಾನೂನಿದ್ಯಾ ಅಂತ ಮೊದಲು ಕೇಳಿ. ಆಮೇಲೆ, ನೀರು ಇಂಗಿಸೋ ಗುಂಡಿ ಮಾಡಿದ್ರೆ, ಅಂಗಳದ ಕಾಂಕ್ರೀಟ್ ಕಿತ್ತು ಮಣ್ಣು ಬಿಟ್ರೆ ಬಿಲ್ಲಲ್ಲಿ ಎಷ್ಟು ಕಮ್ಮಿ ಮಾಡ್ತಾರೆ ಅಂತ ಕೇಳಿ, ಜರ್ಮನಿಯ ಎಷ್ಟೋ ಊರುಗಳಲ್ಲಿ ನೀರು ಒಳಗೇ ಇಂಗಿಸೋರಿಗೆ ಈ ಶುಲ್ಕ ಕಮ್ಮಿಯಾಗುತ್ತೆ. ಎಲ್ಲಾ ಮನೆಗೂ ಒಂದೇ ರೇಟ್ ಅಂತ ಹಾಕಿದ್ರೆ ಮಾತ್ರ ದಯವಿಟ್ಟು ಒಪ್ಕೋಬೇಡಿ, ಪುಟ್ಟ ಶೀಟ್ ಮನೆಯವರು ದೊಡ್ಡ ಬಂಗಲೆಯವರ ನೀರಿಗೂ ಕಟ್ಟಿದ ಹಾಗಾಗುತ್ತೆ.