ಒಗ್ಗಿದ್ದು ಯಾವ ಹುಳು?

ಮಂಡ್ಯದಿಂದ ನೀವು ಕಳಿಸಿದ ‘ಔಷಧಿಗೆ ಬಗ್ಗದ ಜಿಗಿಹುಳು’ ಲೇಖನ ಓದಿದೆ. ಭಾಷೆ ಸಲೀಸಾಗಿದೆ. ವಿಷಯವೂ ನಮ್ಮ ಭತ್ತದ ಗದ್ದೆಯದೇ, ಸಂತೋಷ. ಆದರೆ ಎರಡನೇ ಪ್ಯಾರಾಕ್ಕೆ ಬಂದಾಗ ಪೆನ್ನು ಕೆಳಗಿಟ್ಟು, ಎದ್ದುಹೋಗಿ ಒಂದು ಕಾಫಿ ಕುಡಿದು ಬಂದೆ.

‘ಇಮಿಡಾಕ್ಲೋಪ್ರಿಡ್ ಹುಳುವಿನ ನರಮಂಡಲದ ಮೇಲೆ ದಾಳಿ ಮಾಡುತ್ತದೆ.’ ಇಮಿಡಾಕ್ಲೋಪ್ರಿಡ್ ಒಂದು ಕೀಟನಾಶಕ, ಸರಿ. ದಾಳಿ ಅಂದರೆ? ನರದಿಂದ ನರಕ್ಕೆ ಸುದ್ದಿ ದಾಟಿಸುವ ರಾಸಾಯನಿಕ ಅಸಿಟೈಲ್‌ಕೋಲಿನ್. ಅದು ಬಂದು ಕೂರಲು ಒಂದು ಪ್ರೋಟೀನ್ ಇದೆ. ಸುದ್ದಿ ಮುಟ್ಟಿದ ಕೂಡಲೇ ಒಂದು ಕಿಣ್ವ ಅದನ್ನು ಒಡೆದುಹಾಕುತ್ತದೆ. ಇಮಿಡಾಕ್ಲೋಪ್ರಿಡ್ ಕೂರುವುದೂ ಅದೇ ಜಾಗದಲ್ಲಿ. ಆದರೆ ಇದನ್ನು ಒಡೆಯಲು ಆ ಕಿಣ್ವದ ಕೈಲಾಗುವುದಿಲ್ಲ. ನರಕ್ಕೆ ಬಿಡುವೇ ಇಲ್ಲ, ಹುಳು ನಡುಗಿ ನಡುಗಿ ಸಾಯುತ್ತದೆ. ಇಷ್ಟು ಬರೆಯೋದು ಬಿಟ್ಟು ‘ದಾಳಿ’ ಅಂದುಬಿಟ್ಟರೆ ಹೇಗೆ?

ಮುಂದಿನ ಸಾಲಂತೂ ನನಗೆ ಜಾಸ್ತಿ ಚುಚ್ಚಿತು. ‘ವರ್ಷಗಟ್ಟಲೆ ಹೊಡೆದದ್ದಕ್ಕೆ ಹುಳು ಔಷಧಿಗೆ ಒಗ್ಗಿಕೊಂಡು ತನ್ನ ದೇಹ ಬದಲಿಸಿಕೊಂಡಿತು.’ ಯಾವ ಹುಳು ಸ್ವಾಮಿ? ಜಿಗಿಹುಳುವಿನ ಒಂದು ತಲೆಮಾರು ಮುಗಿಯೋದೇ ಸುಮಾರು ಒಂದು ತಿಂಗಳಲ್ಲಿ. ದಿನಾ ಕುಡಿದು ಕುಡಿದು ಒಗ್ಗಿಸಿಕೊಳ್ಳಲು ಅದೇನು ಹೆಂಡದಂಗಡಿ ಗಿರಾಕಿಯೇ? ಲಕ್ಷಗಟ್ಟಲೆ ಹುಳುಗಳಲ್ಲಿ ಎಲ್ಲೋ ಒಂದೆರಡು ಹುಟ್ಟುವಾಗಲೇ ಬೇರೆ ಇರುತ್ತವೆ. ಅವುಗಳ ಮೈಯಲ್ಲಿ ಸಿವೈಪಿ6ಇಆರ್1 ಎಂಬ ಕಿಣ್ವ ಹೆಚ್ಚು ತಯಾರಾಗುತ್ತದೆ, ನರ ಮುಟ್ಟುವ ಮೊದಲೇ ಔಷಧಿ ಚೂರಾಗುತ್ತದೆ. ಮಿಕ್ಕವು ಸತ್ತವು, ಇವು ಮೊಟ್ಟೆ ಇಟ್ಟವು. ಔಷಧಿಗೆ ಬಗ್ಗದ ಮನೆನೊಣದ ದಾರಿಯೇ ಬೇರೆ. ಅದರ ನರದೊಳಕ್ಕೆ ಸೋಡಿಯಂ ಬಿಡುವ ಬಾಗಿಲಿನಂಥ ಪ್ರೋಟೀನಿನಲ್ಲಿ 1014ನೇ ಜಾಗದ ಲ್ಯೂಸಿನ್ ಎಂಬ ಅಮೈನೋ ಆಮ್ಲ ಹೋಗಿ ಫಿನೈಲ್‌ಅಲನಿನ್ ಬಂದು ಕೂತಿದೆ. ಡಿಡಿಟಿ, ಪೈರೆಥ್ರಾಯ್ಡ್ ಎಂಬ ಎರಡೂ ಕೀಟನಾಶಕ ಹಿಡಿಯೋದು ಅದೇ ಬಾಗಿಲನ್ನು, ಬದಲಾದ ಬಾಗಿಲಲ್ಲಿ ಆ ಹಿಡಿತ ಸಡಿಲ. ಹಾಗಾಗಿ ಡಿಡಿಟಿಗೆ ಸಾಯದ ನೊಣ ಪೈರೆಥ್ರಾಯ್ಡ್‌ಗೂ ಸುಲಭಕ್ಕೆ ಸಾಯುವುದಿಲ್ಲ.

ನಿಮ್ಮನ್ನು ಬೈಯೋ ಯೋಗ್ಯತೆ ನನಗೂ ಇಲ್ಲ ಬಿಡಿ. ನನ್ನ ಮೊದಲ ಲೇಖನದಲ್ಲೂ ಇದೇ ‘ಒಗ್ಗಿಕೊಂಡಿತು’ ಇತ್ತು. ನಮ್ಮ ಹಿರಿಯ ಸಂಪಾದಕರು ಅದನ್ನು ಹೊಡೆದುಹಾಕಲಿಲ್ಲ. ಸುಮ್ನೆ ಪಾಂಡವಪುರದ ಬಸ್ ಹತ್ತಿಸಿದರು. ಅಲ್ಲೊಬ್ಬ ಅಜ್ಜಿ ಭತ್ತದ ಬುಡ ಬಗ್ಗಿಸಿ ತೋರಿಸಿದರು. ನೀರಿಗೆ ಸ್ವಲ್ಪ ಮೇಲೆ, ಕಾಂಡದ ಸುತ್ತ ಕಂದು ಹುಳುಗಳ ಸಂತೆ. ಬಾಯಿಪಾಠ ಮಾಡಿಕೊಂಡಿದ್ದನ್ನು ಒಪ್ಪಿಸಿದೆ. ಅಜ್ಜಿ ಕೈ ತೊಳೆಯುತ್ತಾ ಕೇಳಿದರು: “ಔಷ್ದಿ ಕುಡ್ದಿದ್ದು ಸತ್ತೋಯ್ತಲ್ಲ ಮಗಾ, ಒಗ್ಗಿದ್ದು ಯಾವ್ದು?”

ಆ ಎರಡು ಸಾಲು ಬಿಡಿಸಿ ಬರೆದು ಇಪ್ಪತ್ತನೇ ತಾರೀಕಿನೊಳಗೆ ಕಳಿಸಿ. ಜಾಗ ಇಟ್ಟಿದ್ದೇನೆ.