ಓದುಗರ ಪ್ರಶ್ನೆ – ನಮ್ಮ ಉತ್ತರ: ಸವಾನಾ ನಗರದಲ್ಲಿ ಎರಡು ದಿನ

ಪ್ರವಾಸ ವಿಭಾಗಕ್ಕೆ ಈ ಬಾರಿ ಬಂದಿರುವ ಪ್ರಶ್ನೆಗಳಲ್ಲಿ ಹೆಚ್ಚಿನವು ಅಮೆರಿಕದ ಜಾರ್ಜಿಯಾ ರಾಜ್ಯದ ಕಡಲಂಚಿನ ಹಳೆಯ ನಗರ ಸವಾನಾಕ್ಕೆ ಸಂಬಂಧಿಸಿದವು. ಅವುಗಳಲ್ಲಿ ಐದನ್ನು ಆಯ್ದು ಉತ್ತರಿಸಿದ್ದೇವೆ.

ಪ್ರಶ್ನೆ: ನಾವು ಐವರು ಗೆಳೆಯರು. ಶುಕ್ರವಾರ ಸಂಜೆ ಕಾರಿನಲ್ಲಿ ಹೊರಟು ಭಾನುವಾರ ರಾತ್ರಿಯೊಳಗೆ ಮರಳಬೇಕು. ಸವಾನಾ, ಚಾರ್ಲ್ಸ್‌ಟನ್ ಎರಡನ್ನೂ ನೋಡಬಹುದೇ? (ಅಟ್ಲಾಂಟಾದ ಓದುಗರು)

ಉತ್ತರ: ಎರಡಕ್ಕೂ ಹೋಗಿ ಬರಬಹುದು, ಆದರೆ ಒಂದನ್ನೂ ನೋಡಿದಂತಾಗುವುದಿಲ್ಲ. ಅಟ್ಲಾಂಟಾದಿಂದ ಮೇಕನ್ ಮಾರ್ಗವಾಗಿ ಸವಾನಾಕ್ಕೆ ಸುಮಾರು 250 ಮೈಲಿಗಳಾಗುತ್ತವೆ, ಕಾರಿನಲ್ಲಿ ನಾಲ್ಕು ಗಂಟೆಯ ದಾರಿ. ಅಲ್ಲಿಂದ ಚಾರ್ಲ್ಸ್‌ಟನ್ನಿಗೆ ಮತ್ತೆ ಎರಡು ಗಂಟೆ ಬೇಕು. ಕೈಯಲ್ಲಿರುವ ಎರಡು ಹಗಲುಗಳಲ್ಲಿ ಅರ್ಧವನ್ನು ಹೆದ್ದಾರಿಗೆ ಕೊಡುವ ಬದಲು ಸವಾನಾ ಒಂದನ್ನೇ ಆರಿಸಿಕೊಂಡು, ಕಾರನ್ನು ತಂಗುವ ಸ್ಥಳದಲ್ಲೇ ಬಿಟ್ಟು ನಡೆಯಿರಿ.

ನಡೆಯಲೆಂದೇ ಮಾಡಿದಂತಿರುವ ನಗರವಿದು. ಇಂಗ್ಲೆಂಡಿನಿಂದ ಬಂದ ಜೇಮ್ಸ್ ಓಗಲ್‌ಥಾರ್ಪ್ 1733ರ ಫೆಬ್ರವರಿಯಲ್ಲಿ, ಯಮಕ್ರಾ ಬುಡಕಟ್ಟಿನ ನಾಯಕ ಟೊಮೊಚಿಚಿಯ ಒಪ್ಪಿಗೆ ಪಡೆದು, ನದಿಯ ದಿಬ್ಬದ ಮೇಲೆ ಇದಕ್ಕೆ ಅಸ್ತಿಭಾರ ಹಾಕಿದರು. ಪ್ರತಿ ಬಡಾವಣೆಯ ನಡುವೆ ಒಂದು ತೆರೆದ ಚೌಕ, ಅದರ ಉತ್ತರಕ್ಕೂ ದಕ್ಷಿಣಕ್ಕೂ ಮನೆಗಳ ನಿವೇಶನ, ಪೂರ್ವ ಪಶ್ಚಿಮಗಳಲ್ಲಿ ಚರ್ಚಿನಂಥ ಸಾರ್ವಜನಿಕ ಕಟ್ಟಡಗಳಿಗೆ ಜಾಗ ಎಂಬ ಒಂದೇ ವಿನ್ಯಾಸ ಮುಂದಿನ ನೂರಿಪ್ಪತ್ತು ವರ್ಷಗಳ ಕಾಲ ಮರುಕಳಿಸಿದ್ದರಿಂದ ಚೌಕಗಳ ಸಂಖ್ಯೆ 24ಕ್ಕೆ ಏರಿತು. ಇಂದು 22 ಉಳಿದಿವೆ. 1954ರಲ್ಲಿ ಇಲ್ಲಿನ ಹಳೆಯ ಮಾರುಕಟ್ಟೆಯನ್ನು ಕೆಡವಿ ವಾಹನ ನಿಲ್ಲಿಸುವ ಕಟ್ಟಡ ಕಟ್ಟಿದಾಗ, ಮುಂದಿನ ಸರದಿ ಡ್ಯಾವೆನ್‌ಪೋರ್ಟ್ ಮನೆಯದು ಎಂದರಿತ ಏಳು ಮಂದಿ ಮಹಿಳೆಯರು ಹಣ ಕೂಡಿಸಿ ಆ ಮನೆಯನ್ನು ಕೊಂಡು ಉಳಿಸಿದರು. ಹಳೆಯ ಕಟ್ಟಡಗಳನ್ನು ಉಳಿಸುವ ಸಂಸ್ಥೆಯಾದ ಹಿಸ್ಟಾರಿಕ್ ಸವಾನಾ ಫೌಂಡೇಶನ್ ಹುಟ್ಟಿದ್ದು ಹಾಗೆ. ಮಾರುಕಟ್ಟೆಯಿದ್ದ ಎಲಿಸ್ ಚೌಕ 2010ರಲ್ಲಿ ಮತ್ತೆ ಚೌಕವಾಯಿತು.

ಶನಿವಾರ ಬೆಳಿಗ್ಗೆ ನದಿಯ ಕಡೆಯಿಂದ ಬುಲ್ ಬೀದಿಯನ್ನು ಹಿಡಿದರೆ ಐದು ಚೌಕಗಳನ್ನು ದಾಟಿ, ಸುಮಾರು ಒಂದು ಮೈಲಿಯ ಕೊನೆಗೆ, 1858ರ ಕಾರಂಜಿಯಿರುವ ಫಾರ್ಸೈತ್ ಉದ್ಯಾನವನ್ನು ತಲುಪುತ್ತೀರಿ. ದಾರಿಯಲ್ಲಿ ರೈಟ್ ಚೌಕದಲ್ಲಿ ತುಸು ಹೊತ್ತು ನಿಲ್ಲಿ. 1739ರಲ್ಲಿ ಟೊಮೊಚಿಚಿಯನ್ನು ಗೌರವದಿಂದ ಮಣ್ಣು ಮಾಡಿದ್ದು ಇಲ್ಲಿಯೇ. ಆದರೆ ಚೌಕದ ನಡುವೆ ಇಂದು ಕಾಣುವುದು ರೈಲು ಕಂಪನಿಯೊಂದರ ಮುಖ್ಯಸ್ಥನ ಸ್ಮಾರಕ. ಟೊಮೊಚಿಚಿಗೆ ದಕ್ಕಿರುವುದು ಮೂಲೆಯ ಒಂದು ಗ್ರಾನೈಟ್ ಬಂಡೆ. ಮರಗಳಿಂದ ಜೋತುಬಿದ್ದ ಬೂದು ಬಣ್ಣದ ಎಳೆಗಳನ್ನು ಎಲ್ಲರೂ ಸ್ಪ್ಯಾನಿಷ್ ಪಾಚಿ ಎನ್ನುತ್ತಾರಾದರೂ ಅದು ಪಾಚಿಯಲ್ಲ, ಅನಾನಸಿನ ಕುಟುಂಬಕ್ಕೆ ಸೇರಿದ ಗಿಡ. ಕೆಳಗೆ ಬಿದ್ದದ್ದನ್ನು ಕೈಗೆತ್ತಿಕೊಳ್ಳದಿರುವುದು ಮೇಲು, ಅದರಲ್ಲಿ ಹುಳುಗಳಿರಬಹುದು.

ಪ್ರಶ್ನೆ: ಜಮೀನ್ದಾರರ ಭವ್ಯ ಮನೆಗಳನ್ನು ನೋಡಿ ಮೆಚ್ಚುವುದು ಗುಲಾಮಗಿರಿಯನ್ನು ಮರೆತಂತೆ ಎಂದು ನಮ್ಮ ತಂಡದ ಗೆಳತಿಯೊಬ್ಬಳು ವಾದಿಸುತ್ತಾಳೆ. ಉಳಿದವರಿಗೆ ಭೂತದ ಕಥೆಗಳ ರಾತ್ರಿ ನಡಿಗೆ ಬೇಕಂತೆ. ಏನು ಮಾಡೋಣ? (ಶಾರ್ಲಟ್‌ನ ಓದುಗರು)

ಉತ್ತರ: ನಿಮ್ಮ ಗೆಳತಿಯ ವಾದದಲ್ಲಿ ಹುರುಳಿದೆ. ಅವರ ಇಚ್ಛೆಯನ್ನು ಹಗಲಿಗೂ ಉಳಿದವರದನ್ನು ರಾತ್ರಿಗೂ ಇಟ್ಟುಕೊಳ್ಳಿ. ಭೂತದ ನಡಿಗೆಯಲ್ಲಿ ಮನರಂಜನೆ ಸಿಗುತ್ತದೆ, ಚರಿತ್ರೆ ಸಿಗುವುದು ಕಡಿಮೆ.

ಜಾರ್ಜಿಯಾ ವಸಾಹತಿನಲ್ಲಿ 1735ರಿಂದ ಗುಲಾಮಗಿರಿಗೆ ನಿಷೇಧವಿತ್ತು ಎಂಬುದು ಅನೇಕರಿಗೆ ಗೊತ್ತಿಲ್ಲ. ಭತ್ತದ ಗದ್ದೆಗಳ ಲಾಭ ನೋಡಿದ ವಲಸಿಗರ ಒತ್ತಾಯಕ್ಕೆ ಮಣಿದು 1751ರಲ್ಲಿ ಅದನ್ನು ತೆಗೆದುಹಾಕಲಾಯಿತು. ಆ ಗದ್ದೆಗಳನ್ನು ಉತ್ತು ಬಿತ್ತಿದವರು ಪಶ್ಚಿಮ ಆಫ್ರಿಕಾದಿಂದ ಹಿಡಿದು ತಂದ ಜನರು. ಭತ್ತದ ಬೇಸಾಯದ ಅರಿವೂ ಬಹುಮಟ್ಟಿಗೆ ಅವರದೇ. ಅವರ ವಂಶಸ್ಥರಾದ ಗಲ್ಲಾ–ಗೀಚಿ ಸಮುದಾಯದವರು ಈ ಕರಾವಳಿಯಲ್ಲಿ ಇಂದಿಗೂ ಇದ್ದಾರೆ.

ಒಂದೇ ಒಂದು ಮನೆಯನ್ನು ನೋಡುವುದಾದರೆ ಓವೆನ್ಸ್–ಥಾಮಸ್ ಮನೆಯನ್ನು ನೋಡಿ. ವಿಲಿಯಂ ಜೇ ಎಂಬ ಇಂಗ್ಲಿಷ್ ವಾಸ್ತುಶಿಲ್ಪಿಯ ವಿನ್ಯಾಸದಲ್ಲಿ 1819ರಲ್ಲಿ ಪೂರ್ಣಗೊಂಡ ಈ ಕಟ್ಟಡವನ್ನು ತೋರಿಸುವಾಗ ಮೊದಲು ಹಿತ್ತಲಿನ ಗುಲಾಮರ ವಸತಿಗೆ ಕರೆದೊಯ್ಯುತ್ತಾರೆ. ದುಷ್ಟಶಕ್ತಿಗಳನ್ನು ದೂರವಿಡಲೆಂದು ಅಲ್ಲಿನವರು ಚಾವಣಿಗೆ ಬಳಿದ ನೀಲಿ ಬಣ್ಣ ಈಗಲೂ ಕಾಣುತ್ತದೆ. ಅದನ್ನು ಕಂಡ ಬಳಿಕ ಮುಂಭಾಗದ ನಡುಮನೆಯ ಬೆಡಗು ಮೊದಲಿನಂತೆ ಕಾಣುವುದಿಲ್ಲ. ಪ್ರವೇಶಕ್ಕೆ ಸಮಯ ನಿಗದಿಯಾಗಿರುವುದರಿಂದ ನಿಮ್ಮ ತಂಡದ ಟಿಕೆಟ್ಟನ್ನು ಮುಂಚೆಯೇ ಕಾಯ್ದಿರಿಸಿ. ಬಳಿಕ ಫ್ರ್ಯಾಂಕ್ಲಿನ್ ಚೌಕದ ಫಸ್ಟ್ ಆಫ್ರಿಕನ್ ಬ್ಯಾಪ್ಟಿಸ್ಟ್ ಚರ್ಚಿಗೆ ಹೋಗಿ. ಅದರ ನೆಲದ ಹಲಗೆಗಳಲ್ಲಿ ವಜ್ರಾಕೃತಿಯಲ್ಲಿ ಕೊರೆದ ರಂಧ್ರಗಳಿವೆ. ತಪ್ಪಿಸಿಕೊಂಡು ಬಂದು ಕೆಳಗೆ ಅಡಗಿದ್ದವರಿಗೆ ಗಾಳಿಯಾಡಲು ಅವನ್ನು ಮಾಡಿದರೆಂದು ಆ ಸಭೆಯವರು ಹೇಳುತ್ತ ಬಂದಿದ್ದಾರೆ.

ಆ ಚರ್ಚು ಸಿದ್ಧವಾದ 1859ರಲ್ಲೇ, ಮಾರ್ಚ್ ತಿಂಗಳಿನಲ್ಲಿ, ಪಿಯರ್ಸ್ ಬಟ್ಲರ್ ಎಂಬ ಜಮೀನ್ದಾರ ತನ್ನ ಸಾಲ ತೀರಿಸಲು ಊರ ಹೊರಗಿನ ಕುದುರೆ ಪಂದ್ಯದ ಮೈದಾನದಲ್ಲಿ ನಾನೂರಕ್ಕೂ ಹೆಚ್ಚು ಜನರನ್ನು ಎರಡು ದಿನಗಳ ಕಾಲ ಹರಾಜು ಹಾಕಿದನು. ಆ ಎರಡೂ ದಿನ ಮಳೆ ಸುರಿಯಿತು. ‘ಅಳುವ ಕಾಲ’ ಎಂದು ನೆನೆಯಲಾಗುವ ಈ ಘಟನೆಗೆ ಅಲ್ಲೊಂದು ಫಲಕ ನೆಟ್ಟದ್ದು 2008ರಲ್ಲಿ. ಮ್ಯಾಡಿಸನ್ ಚೌಕದ ಗ್ರೀನ್–ಮೆಲ್ಡ್ರಿಮ್ ಮನೆಯ ಕಥೆ ಬೇರೆ. ಅಮೆರಿಕದ ಅಂತರ್ಯುದ್ಧದ ಕೊನೆಯ ಹಂತದಲ್ಲಿ, 1865ರ ಜನವರಿಯಲ್ಲಿ, ಉತ್ತರದ ರಾಜ್ಯಗಳ ಸೇನಾಪತಿ ಶೆರ್ಮನ್ ಇಲ್ಲಿ ಇಪ್ಪತ್ತು ಮಂದಿ ಕಪ್ಪು ಧರ್ಮಗುರುಗಳನ್ನು ಕರೆಸಿ ಅವರಿಗೆ ಬೇಕಾದುದೇನೆಂದು ಕೇಳಿದಾಗ, ಅವರು ಕೇಳಿದ್ದು ಭೂಮಿಯನ್ನು. ನಾಲ್ಕು ದಿನಗಳಲ್ಲಿ ಕುಟುಂಬಕ್ಕೆ 40 ಎಕರೆವರೆಗೆ ಕೊಡುವ ಆದೇಶ ಹೊರಟಿತಾದರೂ, ಅಧ್ಯಕ್ಷ ಆಂಡ್ರ್ಯೂ ಜಾನ್ಸನ್ ಅದೇ ವರ್ಷ ಆ ಭೂಮಿಯನ್ನು ಹಳೆಯ ಒಡೆಯರಿಗೇ ಮರಳಿಸಿದರು. ಈ ಮನೆ ಎಲ್ಲ ದಿನವೂ ತೆರೆದಿರುವುದಿಲ್ಲ, ವಿಚಾರಿಸಿಕೊಂಡು ಹೋಗಿ.

ಪ್ರಶ್ನೆ: ಸವಾನಾ ಹತ್ತಿಯ ಬಂದರಾಗಿತ್ತಂತೆ. ಅಲ್ಲಿಗೆ ಹೊರಟಿರುವ ಮಗಳಿಗೆ ನಮ್ಮ ಊರಿನ ಹತ್ತಿಯ ನಂಟನ್ನೂ ಹೇಳಬೇಕೆಂದಿದ್ದೇನೆ. (ಗದಗದ ಓದುಗರು)

ಉತ್ತರ: ಖಂಡಿತ ಹೇಳಿ, ನಂಟು ನಿಜವಾದದ್ದೇ. ಎಲಿ ವಿಟ್ನಿ 1793ರಲ್ಲಿ ಹತ್ತಿಯಿಂದ ಬೀಜ ಬೇರ್ಪಡಿಸುವ ಯಂತ್ರವನ್ನು ರೂಪಿಸಿದ್ದು ಸವಾನಾದ ಬಳಿಯ ತೋಟವೊಂದರಲ್ಲಿ. ಅದಾದ ಮೇಲೆ ದಕ್ಷಿಣದ ಹತ್ತಿ ಇಂಗ್ಲೆಂಡಿನ ಲ್ಯಾಂಕಶೈರಿನ ಗಿರಣಿಗಳನ್ನು ತುಂಬಿತು, ಗುಲಾಮಗಿರಿಯೂ ಬೆಳೆಯಿತು. ಅಂತರ್ಯುದ್ಧದಲ್ಲಿ, 1862ರ ಏಪ್ರಿಲಿನಲ್ಲಿ, ನದೀಮುಖದ ಪುಲಾಸ್ಕಿ ಕೋಟೆ ಹೊಸ ಬಗೆಯ ಫಿರಂಗಿಗಳಿಗೆ ಸುಮಾರು ಮೂವತ್ತು ಗಂಟೆಗಳಲ್ಲಿ ಮಣಿದಾಗ ಸವಾನಾದ ಹಡಗು ವ್ಯಾಪಾರಕ್ಕೆ ಬೀಗ ಬಿತ್ತು. ಗಿರಣಿಗಳು ಭಾರತದತ್ತ ಕೈಚಾಚಿದವು. ಅಮೆರಿಕದ ತಳಿಯಿಂದ 1840ರ ದಶಕದಲ್ಲಿ ನೆಲೆಯೂರಿದ್ದ ‘ಧಾರವಾಡ–ಅಮೆರಿಕನ್’ ಹತ್ತಿಯ ಬೆಲೆ ಗದಗ, ನವಲಗುಂದಗಳ ಎರೆಭೂಮಿಯಲ್ಲಿ ಗಗನಕ್ಕೇರಿತು. ಆ ಹತ್ತಿಯನ್ನು ಸಾಗಿಸಲು ಕಾರವಾರ ಬಂದರನ್ನು ಬೆಳೆಸುವ ಯೋಜನೆಯ ಹಿನ್ನೆಲೆಯಲ್ಲಿಯೇ 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿಸಲಾಯಿತು. 1865ರಲ್ಲಿ ಯುದ್ಧ ಮುಗಿದೊಡನೆ ಬೆಲೆ ಕುಸಿದು ಇಲ್ಲಿನ ಬೆಳೆಗಾರರು ಕೈಸುಟ್ಟುಕೊಂಡರು. ಟೈಬಿ ದ್ವೀಪದ ಕಡಲತೀರಕ್ಕೆ ಹೋಗುವ ದಾರಿಯಲ್ಲೇ ಪುಲಾಸ್ಕಿ ಕೋಟೆ ಸಿಗುತ್ತದೆ. ಇಟ್ಟಿಗೆ ಗೋಡೆಯಲ್ಲಿ ಗುಂಡು ತಗುಲಿದ ಕುಳಿಗಳನ್ನು ಮಗಳು ನೋಡಿ ಬರಲಿ.

ಪ್ರಶ್ನೆ: ನಮ್ಮಲ್ಲಿ ಇಬ್ಬರು ಸಸ್ಯಾಹಾರಿಗಳು. ಊಟಕ್ಕೆ ಕಷ್ಟವಾಗುತ್ತದೆಯೇ? (ಜ್ಯಾಕ್ಸನ್‌ವಿಲ್‌ನ ಓದುಗರು)

ಉತ್ತರ: ಕಷ್ಟವಿಲ್ಲ, ಎಚ್ಚರ ಬೇಕು. ದಕ್ಷಿಣದ ಅಡುಗೆಯಲ್ಲಿ ಸೊಪ್ಪನ್ನೂ ಕಾಳನ್ನೂ ಹಂದಿಮಾಂಸದೊಂದಿಗೆ ಬೇಯಿಸುವುದು ವಾಡಿಕೆ, ಟೊಮೆಟೊ ಹಾಕಿ ಮಾಡುವ ‘ಕೆಂಪು ಅನ್ನ’ದಲ್ಲಿ ಸಾಮಾನ್ಯವಾಗಿ ಸಾಸೇಜ್ ಇರುತ್ತದೆ. ‘ಮಾಂಸವಿದೆಯೇ’ ಎಂದಷ್ಟೇ ಕೇಳಿದರೆ ಸಾಲದು, ‘ಯಾವುದರಲ್ಲಿ ಬೇಯಿಸಿದ್ದು’ ಎಂದೂ ಕೇಳಬೇಕು. ಬೆಳಗಿನ ತಿಂಡಿಗೆ ಗ್ರಿಟ್ಸ್ ಸಿಗುತ್ತದೆ. ಬೆಣ್ಣೆ ಹಾಕಿದ ಮೆಕ್ಕೆಜೋಳದ ನುಚ್ಚಿನಂತಿರುವ ಅದು ನಮ್ಮ ನಾಲಿಗೆಗೆ ಒಗ್ಗುತ್ತದೆ. ಹೆದ್ದಾರಿಯ ಬದಿಯ ಅಂಗಡಿಗಳಲ್ಲಿ ಉಪ್ಪುನೀರಿನಲ್ಲಿ ಬೇಯಿಸಿದ ಹಸಿ ಕಡಲೆಕಾಯಿ ಕಂಡರೆ ಬಿಡಬೇಡಿ.

ಪ್ರಶ್ನೆ: ಯಾವ ತಿಂಗಳು ಒಳ್ಳೆಯದು? (ಅಟ್ಲಾಂಟಾದ ಇನ್ನೊಬ್ಬ ಓದುಗರು)

ಉತ್ತರ: ನವೆಂಬರ್, ಇಲ್ಲವೇ ಮಾರ್ಚ್ ಕೊನೆಯಿಂದ ಏಪ್ರಿಲ್. ಮಾರ್ಚ್ 17ರ ಸೇಂಟ್ ಪ್ಯಾಟ್ರಿಕ್ ದಿನದ ಮೆರವಣಿಗೆ ಇಲ್ಲಿ 1824ರಿಂದ ನಡೆಯುತ್ತಿದ್ದು, ಆ ವಾರ ಕೋಣೆ ಸಿಗುವುದೇ ದುರ್ಲಭ, ಸಿಕ್ಕರೂ ದುಬಾರಿ. ಜುಲೈ, ಆಗಸ್ಟ್‌ಗಳ ಸೆಕೆ ಮಂಗಳೂರಿನ ಓದುಗರಿಗೆ ಹೊಸದಲ್ಲದಿದ್ದರೂ ನಡಿಗೆಗೆ ಒಳ್ಳೆಯದಲ್ಲ. ಜೂನ್‌ನಿಂದ ನವೆಂಬರ್‌ವರೆಗೆ ಚಂಡಮಾರುತದ ಋತುವಾದ್ದರಿಂದ ರದ್ದುಪಡಿಸಿದರೆ ಹಣ ಮರಳುವಂಥ ಕೋಣೆಯನ್ನೇ ಕಾಯ್ದಿರಿಸಿ. ನದಿಯ ದಂಡೆಗೆ ಇಳಿಯುವ ಹಳೆಯ ಕಲ್ಲಿನ ಮೆಟ್ಟಿಲುಗಳು ಕಡಿದಾಗಿಯೂ ಏರುಪೇರಾಗಿಯೂ ಇರುವುದರಿಂದ ಹಿಡಿತವಿರುವ ಪಾದರಕ್ಷೆ ಇರಲಿ.