ಕಂಟ್ರೋಲರ್ ‘ಫುಲ್’ ಎನ್ನುತ್ತದೆ, ಫ್ರಿಡ್ಜ್ ಮಾತ್ರ ನಡುರಾತ್ರಿ ನಿಲ್ಲುತ್ತದೆ: ಗೌರಿಬಿದನೂರಿನ ಸದಸ್ಯರ ವ್ಯಾನ್ ಬಗ್ಗೆ

ನಮಸ್ಕಾರ ಸರ್. ತಮ್ಮ ಸಮಸ್ಯೆ ನನಗೆ ಅರ್ಥವಾಗಿರುವುದು ಹೀಗೆ, ತಪ್ಪಿದ್ದರೆ ತಿದ್ದಿ. ಹಳೆಯ ಟೆಂಪೊ ಟ್ರಾವೆಲರನ್ನು ಕ್ಯಾಂಪರ್ ವ್ಯಾನ್ ಮಾಡಿಸಿದ್ದೀರಿ. ಮೇಲೆ 165 ವಾಟ್‌ನ ಎರಡು ಪ್ಯಾನೆಲ್‌ಗಳು ಪ್ಯಾರಲಲ್‌ನಲ್ಲಿವೆ, ಹಿಂದುಗಡೆ 150 ಎಎಚ್ (ಆಂಪಿಯರ್-ಅವರ್, ಅಂದರೆ ಎಷ್ಟು ಚಾರ್ಜ್ ಹಿಡಿಯುತ್ತದೆ ಎಂಬ ಅಳತೆ) ಟ್ಯೂಬ್ಯುಲರ್ ಎಂಬ ಬಗೆಯ ಸೀಸ-ಆ್ಯಸಿಡ್ ಬ್ಯಾಟರಿ, ಡ್ರೈವರ್ ಸೀಟಿನ ಹಿಂದೆ ಪಿಡಬ್ಲ್ಯುಎಂ ಎಂಬ ಸರಳ ಬಗೆಯ ಚಾರ್ಜ್ ಕಂಟ್ರೋಲರ್ (ಪ್ಯಾನೆಲ್ಲಿನಿಂದ ಬ್ಯಾಟರಿಗೆ ಹೋಗುವ ಚಾರ್ಜನ್ನು ಹತೋಟಿಯಲ್ಲಿಡುವ ಪೆಟ್ಟಿಗೆ) ಇದೆ. ಬೆಳಿಗ್ಗೆ 11ಕ್ಕೇ ಡಿಸ್‌ಪ್ಲೇ ‘ಫುಲ್’ ತೋರಿಸಿದರೂ ರಾತ್ರಿ 2ರ ಹೊತ್ತಿಗೆ ಫ್ರಿಡ್ಜ್ ನಿಲ್ಲುತ್ತದೆ. ಎಲೆಕ್ಟ್ರಿಷಿಯನ್ ಬ್ಯಾಟರಿ ಬದಲಿಸಿ ಎಂದಿದ್ದಾರೆ, ನಮ್ಮ ಗುಂಪಿನಲ್ಲಿ ಕೆಲವರು ಮೂರನೆಯ ಪ್ಯಾನೆಲ್ ಹಾಕಿ ಎಂದಿದ್ದಾರೆ. ಸದ್ಯಕ್ಕೆ ಎರಡಕ್ಕೂ ದುಡ್ಡು ಹಾಕಬೇಡಿ. ತಾವು ಹಾಕಿರುವ ಫೋಟೊದಲ್ಲಿ ಕಂಟ್ರೋಲರಿನಿಂದ ಬ್ಯಾಟರಿಗೆ ಹೋಗಿರುವುದು ಮನೆ ವೈರಿಂಗಿಗೆ ಬಳಸುವ 2.5 ಸ್ಕ್ವೇರ್ ಎಂಎಂ ವೈರ್. ನನ್ನ ಅನುಮಾನವೆಲ್ಲ ಅದರ ಮೇಲೆಯೇ.

ಮೊದಲು ಲೆಕ್ಕ ನೋಡೋಣ. ಸಣ್ಣ ಕಂಪ್ರೆಸರ್ ಫ್ರಿಡ್ಜ್ ನಿಂತು ನಿಂತು ಓಡುವುದರಿಂದ ಸರಾಸರಿ 2ರಿಂದ 2.5 ಆಂಪಿಯರ್ ಎಳೆಯುತ್ತದೆ ಎಂದಿಟ್ಟುಕೊಂಡರೆ, ಸಂಜೆ 6ರಿಂದ ರಾತ್ರಿ 2ರವರೆಗೆ ಖರ್ಚಾಗುವುದು ಹೆಚ್ಚೆಂದರೆ 20 ಎಎಚ್. ನಿಜವಾಗಿ ತುಂಬಿದ 150 ಎಎಚ್ ಬ್ಯಾಟರಿಗೆ ಅದು ಏನೇನೂ ಅಲ್ಲ. ಹಾಗಾಗಿ ಒಂದೋ ಬ್ಯಾಟರಿ ತುಂಬುತ್ತಿಲ್ಲ, ಇಲ್ಲವೇ ಅದರ ಸೆಲ್ ಸತ್ತಿದೆ, ಇಲ್ಲವೇ ಬ್ಯಾಟರಿಯಲ್ಲಿ ಚಾರ್ಜ್ ಇದ್ದರೂ ಖಾಲಿಯಾಗಿದೆ ಎಂದು ಕಂಟ್ರೋಲರ್ ತಪ್ಪು ತಿಳಿದು ಫ್ರಿಡ್ಜನ್ನು ಕಡಿಯುತ್ತಿದೆ. ಮೊದಲನೆಯದಕ್ಕೂ ಕೊನೆಯದಕ್ಕೂ ಒಂದೇ ವೈರ್ ಕಾರಣವಾಗಬಲ್ಲದು.

2.5 ಸ್ಕ್ವೇರ್ ಎಂಎಂ ತಾಮ್ರದ ತಂತಿಗೆ ಮೀಟರಿಗೆ ಸುಮಾರು 7.4 ಮಿಲಿಓಮ್ ರೆಸಿಸ್ಟೆನ್ಸ್ ಇರುತ್ತದೆ. ಕಂಟ್ರೋಲರಿನಿಂದ ಬ್ಯಾಟರಿಗೆ 4 ಮೀಟರ್ ದೂರವಿದ್ದರೆ ಪ್ಲಸ್, ಮೈನಸ್ ಎರಡೂ ಸೇರಿ 8 ಮೀಟರ್, ಅಂದರೆ ಸುಮಾರು 59 ಮಿಲಿಓಮ್. ಒಳ್ಳೆಯ ಬಿಸಿಲಿನಲ್ಲಿ 15 ಆಂಪಿಯರ್ ಹರಿದರೆ ದಾರಿಯಲ್ಲೇ ಸುಮಾರು 0.9 ವೋಲ್ಟ್ ಕಳೆದುಹೋಗುತ್ತದೆ. ಕಂಟ್ರೋಲರ್ ತನ್ನ ಟರ್ಮಿನಲ್ಲಿನಲ್ಲಿ 14.4 ವೋಲ್ಟ್ ಕಂಡಾಗ ಬ್ಯಾಟರಿಗೆ ತಲುಪಿರುವುದು 13.5 ಮಾತ್ರ. ನಮ್ಮ ಕಡೆ ಟಿಸಿಯಿಂದ (ಟ್ರಾನ್ಸ್‌ಫಾರ್ಮರಿನಿಂದ) ದೂರವಿರುವ ಕೊಳವೆಬಾವಿಯ ಮೋಟರ್ ಸಂಜೆ ಹೊತ್ತು ಲೋ ವೋಲ್ಟೇಜಿನಲ್ಲಿ ಮುಲುಕುವುದನ್ನು ಕಂಡವರಿಗೆ ಇದು ಹೊಸದೇನಲ್ಲ. ವೋಲ್ಟೇಜ್ ಮುಟ್ಟಿತೆಂದು ಕಂಟ್ರೋಲರ್ ಕರೆಂಟ್ ಕಡಿಮೆ ಮಾಡುತ್ತ ಬರುತ್ತದೆ, ಅನೇಕ ಮಾದರಿಗಳು ಗೊತ್ತುಪಡಿಸಿದ ಹೊತ್ತು ಕಳೆದ ಮೇಲೆ ಫ್ಲೋಟಿಗೆ, ಅಂದರೆ ತುಂಬಿದ ಬ್ಯಾಟರಿಯನ್ನು ಹಾಗೇ ಕಾಯ್ದುಕೊಳ್ಳುವ ಕಡಿಮೆ ವೋಲ್ಟೇಜಿಗೆ, ಇಳಿದುಬಿಡುತ್ತವೆ, ಡಿಸ್‌ಪ್ಲೇಯ ಶೇಕಡಾ ಲೆಕ್ಕವೂ ಅದೇ ವೋಲ್ಟೇಜಿನ ಮೇಲೆ ನಡೆಯುತ್ತದೆ. ಫ್ರಿಡ್ಜನ್ನು ಕಂಟ್ರೋಲರಿನ ಲೋಡ್ ಟರ್ಮಿನಲ್ಲಿಗೆ ಕೊಟ್ಟಿದ್ದರೆ ರಾತ್ರಿ ಇದೇ ಆಟ ತಿರುಗುಮುರುಗಾಗುತ್ತದೆ: ಕಂಪ್ರೆಸರ್ ಓಡುವಾಗ 5 ಆಂಪಿಯರಿಗೆ 0.3 ವೋಲ್ಟ್ ಇಳಿಯುತ್ತದೆ, ಸ್ಟಾರ್ಟ್ ಆಗುವ ಕ್ಷಣದಲ್ಲಿ ಇನ್ನೂ ಹೆಚ್ಚು, ಅರ್ಧಂಬರ್ಧ ತುಂಬಿದ ಬ್ಯಾಟರಿ ಲೋ ಕಟ್‌ಗೆ (ವೋಲ್ಟೇಜ್ ತೀರಾ ಇಳಿದಾಗ ಕಂಟ್ರೋಲರ್ ಲೋಡ್ ಕಡಿಯುವ ಮಿತಿಗೆ) ಬೇಗನೆ ಸಿಕ್ಕಿಬೀಳುತ್ತದೆ. ಇಂಥ ವ್ಯಾನಿಗೆ ಮೂರನೆಯ ಪ್ಯಾನೆಲ್ ಹಾಕಿದರೆ ಕರೆಂಟ್ ಹೆಚ್ಚಾಗಿ ವೈರಿನಲ್ಲಿ ಕಳೆಯುವುದೂ ಹೆಚ್ಚಾಗುತ್ತದೆ, ಅಷ್ಟೇ.

ಪರೀಕ್ಷೆಗೆ ಸಾಧಾರಣ ಮಲ್ಟಿಮೀಟರ್ ಸಾಕು. ಬ್ಯಾಟರಿ ಹಸಿದಿರಬೇಕಾದ್ದರಿಂದ ಹಿಂದಿನ ರಾತ್ರಿ ಫ್ರಿಡ್ಜ್, ಲೈಟು ಓಡಲಿ. ಬೆಳಿಗ್ಗೆ ಬಿಸಿಲೇರಿ ಚಾರ್ಜಿಂಗ್ ಜೋರಾಗಿ ನಡೆಯುತ್ತಿರುವಾಗ, ಡಿಸ್‌ಪ್ಲೇ ‘ಫುಲ್’ ಎನ್ನುವುದಕ್ಕೆ ಮೊದಲೇ, ಕಂಟ್ರೋಲರಿನ ಬ್ಯಾಟರಿ ಸ್ಕ್ರೂಗಳ ಮೇಲೆ ಒಮ್ಮೆ, ತಡಮಾಡದೆ ಬ್ಯಾಟರಿಯ ಸೀಸದ ಕಂಬಗಳ (ಪ್ಲಸ್, ಮೈನಸ್ ಟರ್ಮಿನಲ್‌ಗಳ) ಮೇಲೆ ಒಮ್ಮೆ ಅಳೆಯಿರಿ. ವೈರಿನ ತುದಿಗೆ ಒತ್ತಿ ಕೂರಿಸಿದ ಲೋಹದ ಲಗ್ ಮೇಲೆ ಅಲ್ಲ, ಸೀಸದ ಮೇಲೆಯೇ. ವ್ಯತ್ಯಾಸ 0.2 ವೋಲ್ಟಿಗಿಂತ ಹೆಚ್ಚಿದ್ದರೆ ಕಳ್ಳ ದಾರಿಯಲ್ಲೇ ಇದ್ದಾನೆ. ಆಮೇಲೆ ಮೀಟರಿನ ಒಂದು ಮೊನೆ ಕಂಬದ ಮೇಲೆ, ಇನ್ನೊಂದು ಅದರ ಲಗ್ ಮೇಲೆ. ಬಳಿಕ ಫ್ಯೂಸ್ ಹೋಲ್ಡರಿನ ಆಚೆ ಈಚೆ. ಒಂದೊಂದು ಜಾಗದಲ್ಲೂ ಸೊನ್ನೆಗೆ ಹತ್ತಿರ ಬರಬೇಕು. ಕಟಿಂಗ್ ಪ್ಲೇಯರಿನಿಂದ ಒತ್ತಿದ ಲಗ್, ಹಸಿರುಗಟ್ಟಿದ ತಾಮ್ರ, ಮುಟ್ಟಿದರೆ ಬಿಸಿಯಾಗಿರುವ ಫ್ಯೂಸ್ ಹೋಲ್ಡರ್ ಇವು ಸಾಮಾನ್ಯವಾಗಿ ಸಿಗುವ ದೋಷಗಳು. ಕರೆಂಟನ್ನೂ ನೋಡುವುದಾದರೆ ಡಿಸಿ ಅಳೆಯುವ ಕ್ಲ್ಯಾಂಪ್ ಮೀಟರೇ ಬೇಕು. ಅನೇಕ ಎಲೆಕ್ಟ್ರಿಷಿಯನ್‌ಗಳ ಬಳಿ ಇರುವುದು ಎಸಿ ಮಾತ್ರ ಅಳೆಯುವಂಥದ್ದು, ಅದು ಇಲ್ಲಿ ಸೊನ್ನೆ ತೋರಿಸಿ ದಾರಿ ತಪ್ಪಿಸುತ್ತದೆ.

ವ್ಯತ್ಯಾಸ ಸಿಗದಿದ್ದರೆ ಬ್ಯಾಟರಿಯ ಕಡೆ ಹೋಗಿ. ಚಾರ್ಜಿಂಗ್, ಲೋಡ್ ಎರಡೂ ಇಲ್ಲದೆ ಕೆಲವು ಗಂಟೆ ಬಿಟ್ಟು ಅಳೆದಾಗ ತುಂಬಿದ ಬ್ಯಾಟರಿ 12.7ರ ಆಸುಪಾಸು, ಅರ್ಧ ಖಾಲಿಯಾದದ್ದು 12.2ರ ಆಸುಪಾಸು ತೋರಿಸುತ್ತದೆ. ಟ್ರ್ಯಾಕ್ಟರ್ ಬ್ಯಾಟರಿ ಅಂಗಡಿಯಲ್ಲಿ ಆ್ಯಸಿಡ್ಡಿನ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಇದ್ದೇ ಇರುತ್ತದೆ. ಆರೂ ಸೆಲ್ ನೋಡಿಸಿ. ಐದು ಸೆಲ್ ಸಮನಾಗಿದ್ದು ಒಂದು ಮಾತ್ರ ತೀರಾ ಕೆಳಗಿದ್ದರೆ ಎಲೆಕ್ಟ್ರಿಷಿಯನ್ ಹೇಳಿದ್ದೇ ಸರಿ. ಆರೂ ಒಂದೇ ರೀತಿ ಕಡಿಮೆಯಿದ್ದರೆ ಅದು ಬಹುತೇಕ ಹೊಟ್ಟೆ ತುಂಬದ ಬ್ಯಾಟರಿ. ಸರಿಯಾಗಿ ಚಾರ್ಜ್ ಮಾಡಿ ಮತ್ತೆ ನೋಡಬಹುದು. ಆದರೆ ಹೀಗೇ ತಿಂಗಳುಗಟ್ಟಲೆ ಬಿಟ್ಟರೆ ಒಳಗಿನ ಸೀಸದ ಫಲಕಗಳ ಮೇಲೆ ಸಲ್ಫೇಟ್ ಕಟ್ಟಿ ನಿಜವಾಗಿಯೂ ಕೆಡುತ್ತದೆ.

ಪ್ಯಾನೆಲ್ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಕ್ಯಾರಿಯರ್ ಕಂಬಿಯ ನೆರಳು ಬೀಳದಿರಲಿ, ಕ್ರಷರ್ ದೂಳು ಕೂರದಿರಲಿ. ಬೋರ್‌ವೆಲ್ ನೀರಿನಲ್ಲಿ ತೊಳೆದು ಹಾಗೇ ಒಣಗಲು ಬಿಟ್ಟರೆ ಬಿಳಿ ಕಲೆ ಕಟ್ಟುತ್ತದೆ, ಆದ್ದರಿಂದ ತಣ್ಣಗಿರುವ ಮುಂಜಾನೆ ತೊಳೆದು ಬಟ್ಟೆಯಿಂದ ಒರೆಸಿ. ಓರೆ ಸ್ಟ್ಯಾಂಡ್ ಮಾಡಿಸುವ ಸಲಹೆ ನಮ್ಮ 13 ಡಿಗ್ರಿ ಅಕ್ಷಾಂಶದಲ್ಲಿ ಡಿಸೆಂಬರ್, ಜನವರಿಯಲ್ಲಿ ಸ್ವಲ್ಪ ಉಪಯೋಗಕ್ಕೆ ಬಂದೀತು, ಉಳಿದಂತೆ ಅದರ ಗಲಾಟೆ ಬೇಡ.

ವೈರೇ ಕಾರಣವೆಂದು ಗೊತ್ತಾದರೆ ನನ್ನ ಸಲಹೆ ಇದು: ಕಂಟ್ರೋಲರನ್ನೇ ಬ್ಯಾಟರಿಯಿಂದ ಒಂದು ಮೀಟರ್ ಒಳಗೆ ತನ್ನಿ, ಆದರೆ ಆ್ಯಸಿಡ್ ಆವಿ ತಾಗುವಂತೆ ನೇರ ಅದರ ಮೇಲೆ ಬೇಡ. ಉದ್ದದ ಓಟ ಪ್ಯಾನೆಲ್ ಕಡೆ ಉಳಿಯಲಿ. ಪ್ಯಾನೆಲ್ 18 ವೋಲ್ಟಿನ ಸುತ್ತ ಕೊಡುವುದರಿಂದ ಅಲ್ಲಿ ಅರ್ಧ ವೋಲ್ಟ್ ಹೋದರೆ, ಬ್ಯಾಟರಿಗಿಂತ ಹೆಚ್ಚಿಗೆ ಬರುವ ವೋಲ್ಟೇಜನ್ನು ಹೇಗೂ ಬಳಸದ ಪಿಡಬ್ಲ್ಯುಎಂಗೆ ನಷ್ಟವೇನೂ ಇಲ್ಲ. ಬ್ಯಾಟರಿಗೆ 16 ಸ್ಕ್ವೇರ್ ಎಂಎಂ ತಾಮ್ರದ ಕೇಬಲ್ ಹಾಕಿ, ಲಗ್ಗುಗಳನ್ನು ಹೈಡ್ರಾಲಿಕ್ ಕ್ರಿಂಪರಿನಲ್ಲಿ ಒತ್ತಿಸಿ, ಪ್ಲಸ್ ಕಂಬದ ಪಕ್ಕದಲ್ಲೇ ಫ್ಯೂಸ್ ಇರಿಸಿ. ಫ್ರಿಡ್ಜಿಗೆ ಬ್ಯಾಟರಿಯಿಂದ ಪ್ರತ್ಯೇಕ ಫ್ಯೂಸ್ ಸಮೇತ ದಪ್ಪ ವೈರ್ ಎಳೆಯಬಹುದು, ಆದರೆ ಫ್ರಿಡ್ಜಿನಲ್ಲೇ ಲೋ ವೋಲ್ಟೇಜ್ ಕಟ್ ಇದೆಯೇ ಎಂದು ನೋಡಿಕೊಂಡು ಮಾತ್ರ. ಬಿಚ್ಚುವಾಗ ಮೊದಲು ಪ್ಯಾನೆಲ್, ಆಮೇಲೆ ಬ್ಯಾಟರಿ. ಜೋಡಿಸುವಾಗ ಮೊದಲು ಬ್ಯಾಟರಿ, ಆಮೇಲೆ ಪ್ಯಾನೆಲ್. ಪ್ಯಾನೆಲ್ ಕನೆಕ್ಟರನ್ನು ಬಿಸಿಲಿನಲ್ಲಿ ಕರೆಂಟ್ ಹರಿಯುತ್ತಿರುವಾಗ ಎಳೆಯಬೇಡಿ, ಕಿಡಿ ಹಾರುತ್ತದೆ. ಮೇಲೆ ದಪ್ಪ ಕಂಬಳಿ ಹೊದಿಸಿ ಕೆಲಸ ಮಾಡಿ.

ಕಂಟ್ರೋಲರ್ ಸ್ಕ್ರೂ, ಬ್ಯಾಟರಿ ಕಂಬ, ಇವೆರಡರ ರೀಡಿಂಗ್ ಜೊತೆಗೆ ಆ ಹೊತ್ತಿನ ಚಾರ್ಜಿಂಗ್ ಆಂಪಿಯರ್ ಎಷ್ಟೆಂದು ಇಲ್ಲೇ ಬರೆಯಿರಿ. ಕಂಟ್ರೋಲರಿನಲ್ಲಿ ಬ್ಯಾಟರಿ ಬಗೆ ಏನೆಂದು ಸೆಟ್ ಆಗಿದೆ ಎಂಬುದನ್ನೂ ನೋಡಿ ತಿಳಿಸಿ. ಟ್ಯೂಬ್ಯುಲರಿಗೆ ಜೆಲ್ ಸೆಟ್ಟಿಂಗ್ ಇದ್ದರೆ ಅಲ್ಲೂ ಸ್ವಲ್ಪ ವೋಲ್ಟೇಜ್ ಕಡಿಮೆ ಬೀಳುತ್ತದೆ.